ಅಳಲು ಯಾರನ್ನು ಕುರಿತು: ‘ಡೈರಿ’ ಆಲ್ಬಮ್ ಮತ್ತು ಶ್ರದ್ಧೆಯ ಪ್ರಶ್ನೆ

‘ಡೈರಿ’ ಅಮೆರಿಕದ ಸಿಯಾಟಲ್ ನಗರದ ಸನ್ನಿ ಡೇ ರಿಯಲ್ ಎಸ್ಟೇಟ್ ಬ್ಯಾಂಡಿನ ಮೊದಲ ಆಲ್ಬಮ್. ಸಬ್ ಪಾಪ್ ಕಂಪನಿ ಅದನ್ನು 1994ರ ಮೇ 10ರಂದು ಬಿಡುಗಡೆ ಮಾಡಿತು. ಎಮೋ ಎಂದು ಹೆಸರಾದ ರಾಕ್ ಸಂಗೀತದ ಚರಿತ್ರೆ ಬರೆದವರೆಲ್ಲ ಈ ಹನ್ನೊಂದು ಹಾಡುಗಳ ಮುಂದೆ ಒಂದಿಷ್ಟು ಹೊತ್ತು ನಿಲ್ಲುತ್ತಾರೆ. ತೊಂಬತ್ತರ ದಶಕದಲ್ಲಿ ಆ ಸಂಗೀತ ಹಿಡಿದ ದಾರಿ ಬಹುಮಟ್ಟಿಗೆ ಇಲ್ಲಿಂದ ಹೊರಟದ್ದು. ಆಲ್ಬಮ್ ಹೊರಬಂದ ವರ್ಷವೇ ಹಾಡುಗಾರ ಜೆರೆಮಿ ಎನಿಕ್ ಕ್ರೈಸ್ತ ಶ್ರದ್ಧೆಗೆ ಹೊರಳಿದ. 1995ರ ಆರಂಭದ ಹೊತ್ತಿಗೆ ಬ್ಯಾಂಡ್ ಒಡೆದಿತ್ತು. ದುಃಖವನ್ನು ಹಾಡುತ್ತಿದ್ದವನಿಗೆ ದೇವರು ಸಿಕ್ಕರೆ ಹಾಡಿನ ಗತಿ ಏನು? ಸಮಾಧಾನ ದೊರೆತ ಮೇಲೆ ಹಿಂದಿನ ಅಳಲು ಸುಳ್ಳಾಗುತ್ತದೆಯೇ, ಅಥವಾ ಅಳಲೇ ನಿಜವಾಗಿದ್ದು ಸಮಾಧಾನ ಸುಳ್ಳೇ? ಈ ಪ್ರಶ್ನೆ ರಾಕ್ ಸಂಗೀತಕ್ಕಿಂತ ಬಹಳ ಹಳೆಯದು. ಕ್ರೈಸ್ತ ಚಿಂತನೆಯಲ್ಲಿ ಅದಕ್ಕೆ ಕಡಿಮೆಯೆಂದರೂ ಸಾವಿರದ ಆರುನೂರು ವರ್ಷಗಳ ಆಯುಸ್ಸಿದೆ.

ಎಮೋ ಹುಟ್ಟಿದ್ದು 1980ರ ದಶಕದ ನಡುಭಾಗದಲ್ಲಿ, ವಾಷಿಂಗ್ಟನ್ ಡಿ.ಸಿ.ಯ ಹಾರ್ಡ್‌ಕೋರ್ ಪಂಕ್ ವಲಯದಲ್ಲಿ. ಹಾರ್ಡ್‌ಕೋರ್ ಎಂದರೆ ವೇಗ, ಸಿಟ್ಟು, ಶುರುವಾಗುತ್ತಲೇ ಮುಗಿದುಹೋಗುವ ಹಾಡು. ಆ ಅಬ್ಬರದೊಳಗೆ ಒಂದು ವ್ರತನಿಷ್ಠೆಯೂ ಇತ್ತು. ಮೈನರ್ ಥ್ರೆಟ್ ಬ್ಯಾಂಡಿನ ಇಯಾನ್ ಮೆಕಾಯ್ 1981ರಲ್ಲಿ ಹಾಡಿದ, ಒಂದು ನಿಮಿಷವೂ ಇಲ್ಲದ ಹಾಡಿನಿಂದ ಕುಡಿತ, ಹೊಗೆ, ಮಾದಕವಸ್ತು ಮುಟ್ಟದ ‘ಸ್ಟ್ರೇಟ್ ಎಡ್ಜ್’ ಎಂಬ ಶಿಸ್ತು ಹುಟ್ಟಿಕೊಂಡಿತು. ಗುರುವಿಲ್ಲ, ದೀಕ್ಷೆಯಿಲ್ಲ, ಹದಿಹರೆಯದವರು ತಾವೇ ತಮಗೆ ಹಾಕಿಕೊಂಡ ನೇಮ. ಆ ದಾರಿಯಲ್ಲಿ ನಡೆದ ಕೆಲವರು ನೇರವಾಗಿ ಧರ್ಮದ ಬಾಗಿಲಿಗೇ ಬಂದರು. ಯೂತ್ ಆಫ್ ಟುಡೇ ಬ್ಯಾಂಡಿನ ರೇ ಕಪ್ಪೊ ಇಸ್ಕಾನ್ ಸೇರಿ, ಶೆಲ್ಟರ್ ಎಂಬ ಬ್ಯಾಂಡ್ ಕಟ್ಟಿ, ಕೃಷ್ಣಭಕ್ತಿಯನ್ನು ಅದೇ ಕರ್ಕಶ ಗಿಟಾರಿನ ಮೇಲೆ ಹಾಡಿದ. ಮಠವಿಲ್ಲದೆ ಬೆಳೆದ ವೈರಾಗ್ಯ ಕೊನೆಗೊಂದು ಮಠವನ್ನು ಹುಡುಕಿಕೊಂಡಿತು.

1985ರಲ್ಲಿ ಮೆಕಾಯ್‌ನ ಡಿಸ್ಕಾರ್ಡ್ ಸಂಸ್ಥೆ ಹೊರತಂದ ರೈಟ್ಸ್ ಆಫ್ ಸ್ಪ್ರಿಂಗ್ ಬ್ಯಾಂಡಿನ ಮೊದಲ ಆಲ್ಬಮ್ ಈ ಸಂಗೀತದ ಮುಖವನ್ನು ಒಳಕ್ಕೆ ತಿರುಗಿಸಿತು. ಸರ್ಕಾರ, ಪೊಲೀಸರು, ಪೇಟೆ ಇವುಗಳ ಮೇಲಿದ್ದ ಸಿಟ್ಟು ಹಾಡುವವನ ಮೇಲೆಯೇ ಎರಗಿತು. ಗೈ ಪಿಚೊಟೊನ ದನಿಯಲ್ಲಿ ಆರೋಪಕ್ಕಿಂತ ಅಂಗಲಾಚಿಕೆ ಹೆಚ್ಚು. ‘ಎಮೋಕೋರ್’ ಎಂಬ ಹೆಸರು ಹೊರಗಿನವರು ಇಟ್ಟದ್ದು. ಆ ಬ್ಯಾಂಡಿನವರಿಗೆ ಅದು ಹಿಡಿಸಲಿಲ್ಲ. ಲೋಕವನ್ನು ದೂರುತ್ತಿದ್ದವರು ಹೀಗೆ ತಮ್ಮನ್ನೇ ತಪಾಸಣೆಗೆ ಒಡ್ಡಿಕೊಂಡದ್ದು ಹೊಸದಾಗಿ ಕಂಡಿರಬಹುದು, ಆದರೆ ಆ ಅಭ್ಯಾಸಕ್ಕೆ ಪಶ್ಚಿಮದಲ್ಲಿ ಶತಮಾನಗಳ ತಾಲೀಮು ಇದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಚರ್ಚಿನೊಳಗಿನ ಈ ವಿಧಿ ಕ್ರಮೇಣ ಶಾಲೆ, ಆಸ್ಪತ್ರೆ, ನ್ಯಾಯಾಲಯ, ಪ್ರೇಮಸಂಬಂಧ ಎಲ್ಲಕ್ಕೂ ಹಬ್ಬಿ, ಪಶ್ಚಿಮದ ಮನುಷ್ಯ ತನ್ನ ಒಳಗನ್ನು ತೋಡಿಕೊಳ್ಳದೆ ಬದುಕಲಾರದವನಾದ ಎಂದು ಫ್ರೆಂಚ್ ಚಿಂತಕ ಮಿಶೆಲ್ ಫುಕೊ 1976ರಲ್ಲಿ ವಾದಿಸಿದ. ಆ ವಾದದ ಬೆಳಕಿನಲ್ಲಿ ನೋಡಿದರೆ ಎಮೋ ಸಂಗೀತ ಪಾದ್ರಿ ಎದ್ದು ಹೋದ ಮೇಲೂ ನಿಲ್ಲದ ಪಾಪನಿವೇದನೆ. ಹೇಳುವವನಿದ್ದಾನೆ, ಹೇಳಬೇಕಾದ್ದಿದೆ; ಕೇಳಿ ಕ್ಷಮಿಸುವವನ ಆಸನ ಖಾಲಿ.

ಸನ್ನಿ ಡೇ ರಿಯಲ್ ಎಸ್ಟೇಟ್ 1992ರಲ್ಲಿ ಶುರುವಾದಾಗ ಅದರಲ್ಲಿದ್ದವರು ಗಿಟಾರಿನ ಡ್ಯಾನ್ ಹರ್ನರ್, ಬೇಸ್ ಗಿಟಾರಿನ ನೇಟ್ ಮೆಂಡೆಲ್, ಡ್ರಮ್ಸ್‌ನ ವಿಲಿಯಂ ಗೋಲ್ಡ್‌ಸ್ಮಿತ್. ಮೆಂಡೆಲ್ ಇನ್ನೊಂದು ಬ್ಯಾಂಡಿನ ಜತೆ ಪ್ರವಾಸ ಹೋಗಿದ್ದಾಗ ಉಳಿದಿಬ್ಬರು ಎನಿಕ್‌ನನ್ನು ಸೇರಿಸಿಕೊಂಡರು. ಮೆಂಡೆಲ್ ಹೋಗಿದ್ದ ಆ ಬ್ಯಾಂಡಿನ ಹೆಸರು ‘ಕ್ರೈಸ್ಟ್ ಆನ್ ಎ ಕ್ರಚ್’: ಊರುಗೋಲು ಹಿಡಿದ ಕ್ರಿಸ್ತ. ಪಂಕ್ ವಲಯದಲ್ಲಿ ಧರ್ಮದ ಬಗ್ಗೆ ಇದ್ದ ಸದರಕ್ಕೆ ಈ ಹೆಸರಿಗಿಂತ ಬೇರೆ ಸಾಕ್ಷಿ ಬೇಡ; ಅಂಥ ವಲಯದೊಳಗಿನ ಹಾಡುಗಾರನೊಬ್ಬ ಕ್ರಿಸ್ತನ ಹೆಸರನ್ನು ನಗದೆ ಉಚ್ಚರಿಸಿದಾಗ ಆದ ಗಲಿಬಿಲಿಯೂ ಅದರಿಂದಲೇ ಅರ್ಥವಾಗುತ್ತದೆ. ‘ಡೈರಿ’ಯ ಧ್ವನಿಮುದ್ರಣ ಶಿಕಾಗೋದ ಐಡ್‌ಫುಲ್ ಸ್ಟುಡಿಯೋದಲ್ಲಿ, ಬ್ರಾಡ್ ವುಡ್‌ನ ನಿರ್ಮಾಣದಲ್ಲಿ ನಡೆಯಿತು. ಬಿಡುಗಡೆಗೆ ಒಂದು ತಿಂಗಳ ಹಿಂದೆ, ಏಪ್ರಿಲ್ 5ರಂದು, ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಸಿಯಾಟಲ್‌ನ ತನ್ನ ಮನೆಯಲ್ಲಿ ಪ್ರಾಣ ಕಳೆದುಕೊಂಡಿದ್ದ. ನಿರ್ವಾಣದ ಮೊದಲ ಆಲ್ಬಮನ್ನು ಹೊರತಂದದ್ದೂ ಇದೇ ಸಬ್ ಪಾಪ್. ನೋವನ್ನು ಕೂಗಿ ಹೇಳಿದರೆ ನೋವು ಹಗುರವಾಗುತ್ತದೆ ಎಂಬ ರಾಕ್ ಸಂಗೀತದ ಹಳೆಯ ಭರವಸೆ ಆ ಊರಿನಲ್ಲಿ ಆಗಷ್ಟೇ ಕುಸಿದಿತ್ತು.

ಬ್ಯಾಂಡಿನ ನಡವಳಿಕೆಯಲ್ಲೂ ಒಂದು ಮೌನವ್ರತವಿತ್ತು. ಪತ್ರಿಕೆಗಳಿಗೆ ಕೊಟ್ಟದ್ದು ಒಂದೇ ಫೋಟೋ, ಸಂದರ್ಶನಗಳಿಂದ ದೂರ, ಕ್ಯಾಲಿಫೋರ್ನಿಯಾದಲ್ಲಿ ಕಾರ್ಯಕ್ರಮ ಕೊಡುವುದಿಲ್ಲವೆಂಬ, ಕಾರಣ ವಿವರಿಸದ ಹಟ. ಡೈರಿ ಎಂದು ಹೆಸರಿಟ್ಟವರು ತಮ್ಮ ಬಗ್ಗೆ ಹೇಳಿಕೊಳ್ಳಲು ಇಷ್ಟು ಹಿಂಜರಿದದ್ದು ಸೋಜಿಗ. ಹಾಡುಗಳೂ ಆ ಹಿಂಜರಿಕೆಯನ್ನೇ ಪಾಲಿಸುತ್ತವೆ. ‘ಸೆವೆನ್’, ‘47’, ‘48’ ಎಂದು ಬರೀ ಅಂಕಿಗಳೇ ಕೆಲವಕ್ಕೆ ಹೆಸರು. ‘ಸಾಂಗ್ ಅಬೌಟ್ ಆ್ಯನ್ ಏಂಜೆಲ್’ ಹೆಸರಿನಲ್ಲೇ ದೇವದೂತನನ್ನು ಕರೆಯುತ್ತದೆ. ‘ಗ್ರೆಂಡೆಲ್’ ಎಂಬುದು ಹಳೆಯ ಇಂಗ್ಲಿಷಿನ ಬಿಯೊವುಲ್ಫ್ ಕಾವ್ಯದ ರಾಕ್ಷಸನ ಹೆಸರು. ಆ ಕಾವ್ಯದಲ್ಲಿ ಅವನು ತಮ್ಮನನ್ನು ಕೊಂದ ಕಾಯಿನನ ವಂಶದವನು, ದೇವರ ಶಾಪ ಹೊತ್ತವನು. ಕತ್ತಲಲ್ಲಿ ನಿಂತು, ಸಭಾಭವನದೊಳಗೆ ಕವಿ ಹಾಡುವ ಸೃಷ್ಟಿಯ ಹಾಡನ್ನು ಕೇಳಿ ಸಂಕಟಪಡುವವನು. ಒಳಗಿನವರಿಗೆ ದೇವಸ್ತುತಿಯಾದದ್ದು ಹೊರಗಿನವನಿಗೆ ಚಿತ್ರಹಿಂಸೆ. ಆಲ್ಬಮಿನಲ್ಲಿ ಆ ಹೆಸರು ಬಂದದ್ದು ಆಕಸ್ಮಿಕವೇ ಇರಲಿ, ಇಡೀ ಕೃತಿ ನಿಂತಿರುವ ಜಾಗಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಗುವುದು ಕಷ್ಟ.

ಡೈರಿ ಯಾರನ್ನು ಕುರಿತು ಬರೆದದ್ದು? ಪಶ್ಚಿಮದ ಆತ್ಮಕಥನಗಳಲ್ಲಿ ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳಿವೆ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಸುಮಾರು 397ರಿಂದ 400ರ ನಡುವೆ ಬರೆದ ‘ಕನ್‌ಫೆಶನ್ಸ್’ ಹದಿಮೂರು ಸಂಪುಟಗಳುದ್ದಕ್ಕೂ ದೇವರನ್ನೇ ‘ನೀನು’ ಎಂದು ಕರೆದು ಮಾತಾಡುತ್ತದೆ. ಓದುಗ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವನು ಮಾತ್ರ. 1782ರಲ್ಲಿ ಪ್ರಕಟವಾಗತೊಡಗಿದ, ತತ್ವಜ್ಞಾನಿ ರೂಸೊನ ಅದೇ ಹೆಸರಿನ ಪುಸ್ತಕದಲ್ಲಿ ದೇವರ ಹೆಸರು ಬಂದರೂ, ನ್ಯಾಯ ಬೇಡುವುದು ಓದುಗರ ಬಳಿ. ಮೂರನೆಯದು ಡೈರಿ: ಅದು ಬೀಗ ಹಾಕಿ ಇಡುವ ಬರಹ, ಎದುರಿಗೆ ಯಾರೂ ಇಲ್ಲ. ಆದರೂ ಡೈರಿ ಬರೆಯುವ ಕೈ ಎಂದೋ ಯಾರೋ ಬೀಗ ತೆರೆದಾರೆಂದು ಕಾಯುತ್ತಲೇ ಇರುತ್ತದೆ. ಈ ಆಲ್ಬಮಿನ ಹಾಡುಗಳಲ್ಲಿಯೂ ಒಬ್ಬ ‘ನೀನು’ ಸುಳಿಯುತ್ತಾನೆ ಅಥವಾ ಸುಳಿಯುತ್ತಾಳೆ. ಆ ‘ನೀನು’ ಬಿಟ್ಟುಹೋದ ಪ್ರೇಯಸಿಯೋ, ಗೆಳೆಯನೋ, ಹಾಡುಗಾರನ ಇನ್ನೊಂದು ಮುಖವೋ, ದೇವರೋ ಎಂದು ಹಾಡು ಬಿಡಿಸಿ ಹೇಳುವುದಿಲ್ಲ. ವಿಳಾಸ ಬರೆಯದ ಪತ್ರದಂತೆ ಈ ಹಾಡುಗಳು ಹೊರಟಿವೆ.

ದುಃಖವನ್ನು ಕೇಳುವುದರಲ್ಲಿ ಸುಖವೇಕೆ ಎಂಬುದು ಇದರ ಜತೆಗೇ ಏಳುವ ಪ್ರಶ್ನೆ. ಅಗಸ್ಟೀನ್ ಅದನ್ನು ತನ್ನ ಪುಸ್ತಕದ ಮೂರನೆಯ ಸಂಪುಟದಲ್ಲಿ ಎತ್ತಿಕೊಳ್ಳುತ್ತಾನೆ. ಹುಡುಗನಾಗಿ ಕಾರ್ಥೇಜಿನಲ್ಲಿ ಓದುತ್ತಿದ್ದಾಗ ಅವನಿಗೆ ನಾಟಕದ ಹುಚ್ಚು. ತನಗೆ ಬರಬಾರದೆಂದು ಬಯಸುವ ದುಃಖವನ್ನು ಮನುಷ್ಯ ರಂಗದ ಮೇಲೆ ನೋಡಿ ಅಳುವುದೇಕೆ, ಅತ್ತಷ್ಟೂ ತೃಪ್ತನಾಗುವುದೇಕೆ ಎಂದು ಕೇಳಿಕೊಂಡು ಅವನು ಕೊಡುವ ಉತ್ತರ ಕಟುವಾಗಿದೆ. ರಂಗದ ದುಃಖ ನೋಡುವವನನ್ನು ನೆರವಿಗೆ ಕರೆಯುವುದಿಲ್ಲ. ಅಳುವುದಕ್ಕೆ ಮಾತ್ರ ಕರೆಯುತ್ತದೆ. ನೆರವಾಗಬೇಕಿಲ್ಲದ ಕರುಣೆ ಕರುಣೆಯ ವೇಷವಷ್ಟೇ. ಎಮೋ ಕೇಳುಗರ ಬಗ್ಗೆ ಹೇಳಿದಂತಿದೆ ಈ ಮಾತು. ಹಾಡುಗಾರ ನರಳುತ್ತಾನೆ, ಸಾವಿರಾರು ಜನ ಟಿಕೆಟ್ ಕೊಂಡು ಜತೆಗೆ ನರಳುತ್ತಾರೆ, ಅವನು ಮನೆಗೆ ಹೋಗಿ ಒಬ್ಬನೇ ಕೂರುತ್ತಾನೆ.

ಭಾರತೀಯ ಕಾವ್ಯಮೀಮಾಂಸೆ ಇದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ನೋಡಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಕರುಣರಸದ ಸ್ಥಾಯಿಭಾವ ಶೋಕ. ಕ್ರೌಂಚಪಕ್ಷಿಯ ಸಾವು ನೋಡಿದ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂಬ ಪ್ರಸಂಗವನ್ನು ವ್ಯಾಖ್ಯಾನಿಸುತ್ತ ಅಭಿನವಗುಪ್ತ, ಆ ಶೋಕ ಮುನಿಯ ಸ್ವಂತದ್ದೆಂದು ತಿಳಿಯಬಾರದು ಎನ್ನುತ್ತಾನೆ. ಸ್ವಂತ ದುಃಖದಲ್ಲಿ ಮುಳುಗಿದವನಿಗೆ ಕಾವ್ಯ ಕಟ್ಟಲು ಆಗುವುದಿಲ್ಲ. ದುಃಖ ‘ನನ್ನದು’, ‘ಅವನದು’ ಎಂಬ ಹಂಗು ಕಳಚಿ ಸಾಧಾರಣೀಕರಣಗೊಂಡಾಗ ಮಾತ್ರ ಅದು ರಸವಾಗುತ್ತದೆ, ರಸ ಎಂದಿದ್ದರೂ ಆನಂದವೇ. ಎಲ್ಲರೂ ಇದನ್ನು ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದ ಗುಜರಾತಿನ ಜೈನ ಪಂಡಿತರಾದ ರಾಮಚಂದ್ರ, ಗುಣಚಂದ್ರರು ತಮ್ಮ ನಾಟ್ಯದರ್ಪಣದಲ್ಲಿ ಕರುಣರಸ ದುಃಖವೇ ಎಂದು ಪಟ್ಟುಹಿಡಿದರು. ನೋಡುವವನಿಗೆ ಸಿಗುವ ಸುಖ ನಟನ, ಕವಿಯ ಕೌಶಲದಿಂದ ಬಂದದ್ದೆಂದರು. ಎಮೋ ತನ್ನ ಬಗ್ಗೆ ಹೇಳಿಕೊಳ್ಳುವುದು ಅಭಿನವಗುಪ್ತನಿಗೆ ನೇರ ವಿರುದ್ಧವಾದದ್ದನ್ನು: ಇದು ನನ್ನ ದುಃಖ, ನನ್ನದೇ, ಅದಕ್ಕೇ ನಿಜ. ಈ ಹೇಳಿಕೆಯನ್ನು ‘ಡೈರಿ’ ಒಳಗಿನಿಂದಲೇ ಸುಳ್ಳುಮಾಡುತ್ತದೆ. ಅಂಕಿಯ ಶೀರ್ಷಿಕೆ, ಗುರುತಿಲ್ಲದ ‘ನೀನು’, ಅರ್ಧ ಕೇಳಿಸಿ ಅರ್ಧ ಮುಳುಗುವ ಮಾತು, ಇವೆಲ್ಲ ಸೇರಿ ಹಾಡುಗಾರನ ಜೀವನಚರಿತ್ರೆಯನ್ನು ಅಳಿಸಿಹಾಕುತ್ತವೆ. ಉಳಿಯುವುದು ಒಡೆಯನಿಲ್ಲದ ಶೋಕ. ಹಾಡುಗಾರನ ಊರು, ವಯಸ್ಸು, ಸಂಕಟ ಏನೂ ಗೊತ್ತಿಲ್ಲದವನಿಗೂ ಅದು ತನ್ನದೆನಿಸಲು ಇದೇ ಕಾರಣ. ಈ ವಿಷಯದಲ್ಲಿ ಅಭಿನವಗುಪ್ತನೇ ಗೆದ್ದ ಎನ್ನಬೇಕು.

ಆಲ್ಬಮಿನ ನಾದ ಈ ಅಳಿಸುವಿಕೆಗೆ ನೆರವಾಗುತ್ತದೆ. ಗಿಟಾರುಗಳು ಒಂದೊಂದೇ ತಂತಿ ಮೀಟುತ್ತ ಮೆಲ್ಲಗೆ ಶುರುವಾಗಿ, ಎಚ್ಚರಿಕೆ ಕೊಡದೆ ಗೋಡೆಯಂತೆ ಎದ್ದುನಿಲ್ಲುತ್ತವೆ. ಗೋಲ್ಡ್‌ಸ್ಮಿತ್‌ನ ಡ್ರಮ್ಸ್ ತಾಳ ಹಿಡಿಯುವುದಕ್ಕಿಂತ ಹೆಚ್ಚಾಗಿ ಹಾಡನ್ನು ನೂಕುತ್ತದೆ. ಎನಿಕ್‌ನ ದನಿ ಹುಡುಗನದರಂತೆ ತೆಳುವಾಗಿ ಏರುತ್ತ ಹೋಗಿ, ಇನ್ನು ಏರಲಾಗದ ಕಡೆ ಬಿರಿದು ಕೂಗಾಗುತ್ತದೆ. ಆ ಬಿರುಕಿನ ಹೊತ್ತಿನಲ್ಲಿ ಶಬ್ದ ಯಾವುದೆಂದು ತಿಳಿಯುವುದಿಲ್ಲ, ತಿಳಿಯಬೇಕೆಂದು ಯಾರಿಗೂ ಅನಿಸುವುದೂ ಇಲ್ಲ.

ಮಾತು ಸೋತ ಮೇಲೆ ಉಳಿಯುವ ದನಿಯನ್ನು ಕ್ರೈಸ್ತ ಚಿಂತನೆ ಬಹು ಹಿಂದೆಯೇ ಗುರುತಿಸಿದೆ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರ ಪರವಾಗಿ ಪವಿತ್ರಾತ್ಮವೇ ಮಾತಿಗೆ ಸಿಗದ ನರಳಿಕೆಯಲ್ಲಿ ಪ್ರಾರ್ಥಿಸುತ್ತದೆ ಎಂಬ ಭಾವ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿದೆ. ಕೀರ್ತನೆಗಳ ಮೇಲೆ ಉಪನ್ಯಾಸ ಮಾಡುತ್ತ ಅಗಸ್ಟೀನ್, ಹೊಲದಲ್ಲಿ ದುಡಿಯುವವರು ಹಾಡಿನ ಮಾತು ಬಿಟ್ಟು ಬರೀ ಸ್ವರದಲ್ಲಿ ಕೂಗುವುದನ್ನು ನೆನೆದು, ಹೇಳಲಾಗದ ದೇವರಿಗೆ ಇಂಥ ಮಾತಿಲ್ಲದ ಹಾಡೇ ತಕ್ಕದ್ದೆಂದ. ಆದರೆ ಇದೇ ಅಗಸ್ಟೀನ್ ‘ಕನ್‌ಫೆಶನ್ಸ್’ನ ಹತ್ತನೆಯ ಸಂಪುಟದಲ್ಲಿ ಚರ್ಚಿನ ಸಂಗೀತದ ಎದುರು ಅಳುಕುತ್ತಾನೆ. ಹಾಡಿದ ವಿಷಯಕ್ಕಿಂತ ಹಾಡುಗಾರಿಕೆಯೇ ತನ್ನ ಮನಸ್ಸನ್ನು ಕಲಕಿದರೆ ಅದು ಪಾಪ ಎಂದು ಒಪ್ಪಿಕೊಂಡು, ಅಂಥ ಹೊತ್ತಿನಲ್ಲಿ ಹಾಡನ್ನು ಕೇಳದಿರುವುದೇ ಮೇಲೆನ್ನುತ್ತಾನೆ. ಮರುಗಳಿಗೆಯಲ್ಲೇ, ತಾನು ಶ್ರದ್ಧೆಗೆ ಮರಳಿದ ಹೊಸತರಲ್ಲಿ ಚರ್ಚಿನ ಹಾಡು ಕೇಳಿ ಸುರಿಸಿದ ಕಣ್ಣೀರನ್ನು ನೆನೆದು ಮೆತ್ತಗಾಗುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಪೌಲನೂ ಅರ್ಥವಾಗದ ಅನ್ಯಭಾಷೆಯ ಸಾವಿರಾರು ಮಾತಿಗಿಂತ ಅರ್ಥವಾಗುವ ಐದು ಮಾತೇ ಸಭೆಗೆ ಲೇಸೆಂದಿದ್ದ. ನಾದ ದೇವರ ಕಡೆಗೆ ಒಯ್ಯುವ ದಾರಿಯೋ, ದೇವರ ಜಾಗದಲ್ಲಿ ಬಂದು ಕೂರುವ ವಿಗ್ರಹವೋ ಎಂಬ ಈ ಜಗ್ಗಾಟ ಕ್ರೈಸ್ತ ಸಂಪ್ರದಾಯದಲ್ಲಿ ಬಗೆಹರಿದೇ ಇಲ್ಲ.

1994ರ ಕೊನೆಯ ಭಾಗದಲ್ಲಿ ಎನಿಕ್ ಆ ಜಗ್ಗಾಟದ ನಡುವೆ ಬಂದು ನಿಂತ. ಆಗ ಅವನಿಗೆ ಇಪ್ಪತ್ತು ವರ್ಷ. ತಾನು ಕ್ರಿಸ್ತನ ಮೊರೆಹೊಕ್ಕ ಬಗೆಯನ್ನು ವಿವರಿಸಿ ಅವನು ಬರೆದ ಪತ್ರ ಆಗಿನ್ನೂ ಹೊಸದಾಗಿದ್ದ ಇಂಟರ್ನೆಟ್ಟಿನಲ್ಲಿ ಹರಿದಾಡಿತು. ಬ್ಯಾಂಡಿನೊಳಗೆ ಬೇರೆ ಬಿಗುಪುಗಳೂ ಇದ್ದವು; ಸುದ್ದಿಗೆ ಮಾತ್ರ ಒಂದೇ ಕಾರಣ ಸಾಕಾಯಿತು. ಹೊಸಬನಾಗಿ ಹುಟ್ಟಿದವನಿಗೆ ಹಳೆಯ ಹಾಡು ಬೇಡವಾಯಿತು ಎಂದು ಕಥೆ ಕಟ್ಟಿಬಿಟ್ಟರು.

ಇಂಥ ಹೊರಳುವಿಕೆಯನ್ನು ಅರ್ಥಮಾಡಿಕೊಳ್ಳಲು ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಇಂದಿಗೂ ಒಳ್ಳೆಯ ಜತೆಗಾರ. ಎಡಿನ್‌ಬರೊದಲ್ಲಿ ಕೊಟ್ಟ ಉಪನ್ಯಾಸಗಳನ್ನು ಸೇರಿಸಿ 1902ರಲ್ಲಿ ಪ್ರಕಟಿಸಿದ ‘ದಿ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯನ್ಸ್’ನಲ್ಲಿ ಅವನು ಧಾರ್ಮಿಕ ಸ್ವಭಾವವನ್ನು ಎರಡಾಗಿ ನೋಡುತ್ತಾನೆ. ಕೆಲವರ ಮನಸ್ಸು ಹುಟ್ಟಿನಿಂದಲೇ ಆರೋಗ್ಯದ್ದು. ಲೋಕ ಅವರಿಗೆ ಇದ್ದ ಹಾಗೆಯೇ ಸರಿ. ಇನ್ನು ಕೆಲವರದು ಕಾಯಿಲೆಬಿದ್ದ ಆತ್ಮ. ಲೋಕದ ತಳದಲ್ಲಿರುವ ಕೊಳೆ, ಸಾವು, ವ್ಯರ್ಥತೆ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಇವರು ನೆಮ್ಮದಿ ಕಾಣಬೇಕಾದರೆ ಎರಡನೆಯ ಸಲ ಹುಟ್ಟಬೇಕು, ಇಬ್ಭಾಗವಾದ ಮನಸ್ಸು ಒಂದಾಗಬೇಕು. ಇಬ್ಬರಲ್ಲಿ ಲೋಕವನ್ನು ಹೆಚ್ಚು ಪೂರ್ಣವಾಗಿ ಕಂಡವರು ಈ ಎರಡನೆಯವರೇ ಎಂದು ಜೇಮ್ಸ್ ತೀರ್ಮಾನಿಸಿದ, ಏಕೆಂದರೆ ಕೇಡೂ ಲೋಕದ ಸತ್ಯದ ಪಾಲು. ಆ ಪುಸ್ತಕದಲ್ಲಿ ಫ್ರೆಂಚ್ ಪತ್ರಲೇಖಕನೊಬ್ಬನದೆಂದು ಅವನು ಕೊಡುವ, ಕಾರಣವಿಲ್ಲದೆ ಬಂದೆರಗಿದ ಭಯದ ವರ್ಣನೆಯೊಂದಿದೆ. ಅದು ಬೇರೆ ಯಾರದೂ ಅಲ್ಲ, ತನ್ನದೇ ಅನುಭವವೆಂದು ಜೇಮ್ಸ್ ನಂತರ ತನ್ನ ಅನುವಾದಕನಿಗೆ ಒಪ್ಪಿಕೊಂಡ. ಮತಾಂತರದ ಮನಃಶಾಸ್ತ್ರ ಬರೆದ ವಿದ್ವಾಂಸನೂ ತನ್ನ ಡೈರಿಯ ಪುಟವನ್ನು ಇನ್ನೊಬ್ಬನ ಹೆಸರಿನಲ್ಲಿ ಓದಿಹೇಳಬೇಕಾಯಿತು.

ಜೇಮ್ಸ್‌ನ ವಿವರಣೆಗೆ ಎನಿಕ್ ಚೆನ್ನಾಗಿಯೇ ಹೊಂದುತ್ತಾನೆ. ತೊಡಕು ಇರುವುದು ಅವನಲ್ಲಲ್ಲ, ಅವನ ಕೇಳುಗರಲ್ಲಿ. ಅಭಿಮಾನಿಗಳಿಗೆ ಬಂದ ಸಿಟ್ಟು ಧರ್ಮದ್ವೇಷದ್ದಷ್ಟೇ ಆಗಿರಲಿಲ್ಲ; ಅದರಲ್ಲಿ ಮೋಸಹೋದವರ ನೋವಿತ್ತು. ನರಳುತ್ತಿದ್ದಾಗ ಅವನು ನಿಜ ಹೇಳುತ್ತಿದ್ದ, ಈಗ ಹಿಂದೆ ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾನೆ ಎಂಬ ಅನುಮಾನ. ಇದರ ಹಿಂದಿರುವ ತರ್ಕ ಬಿಡಿಸಿ ನೋಡಲು ಯೋಗ್ಯವಾದದ್ದು. ಮನುಷ್ಯ ಅಳುವಾಗ ಪ್ರಾಮಾಣಿಕ, ನಗುವಾಗ ಅನುಮಾನಾಸ್ಪದ. ಪ್ರಶ್ನೆ ಅವನ ಸ್ವಂತದ್ದು, ಉತ್ತರ ಮಾತ್ರ ಎರವಲು. ಇದಕ್ಕೆ ಪುರಾವೆ ಏನೂ ಇಲ್ಲ. ಹತಾಶೆಯೂ ಕಲಿತದ್ದಾಗಿರಬಹುದು, ಸುತ್ತಲಿನವರಿಂದ ಎರವಲು ತಂದದ್ದಾಗಿರಬಹುದು; ಎಮೋ ಬೆಳೆದು ದೊಡ್ಡ ಮಾರುಕಟ್ಟೆಯಾದ ಮೇಲೆ ಕೂದಲು, ಕಾಡಿಗೆ, ಉಡುಪಿನ ಸಮೇತ ಅದು ಅಂಗಡಿಯಲ್ಲಿ ಸಿಗುವ ಹಾಗೂ ಆಯಿತು. ವಿಮರ್ಶಕ ಲಯನೆಲ್ ಟ್ರಿಲ್ಲಿಂಗ್ 1972ರ ‘ಸಿನ್ಸೆರಿಟಿ ಆ್ಯಂಡ್ ಆಥೆಂಟಿಸಿಟಿ’ಯಲ್ಲಿ ತೋರಿಸಿದಂತೆ, ಒಳಗೂ ಹೊರಗೂ ಒಂದೇ ಆಗಿರಬೇಕೆಂಬ ಹಳೆಯ ಆದರ್ಶದ ಜಾಗದಲ್ಲಿ ಆಧುನಿಕ ಪಶ್ಚಿಮ ಇನ್ನೂ ಕಠಿಣವಾದ ಇನ್ನೊಂದು ಆದರ್ಶವನ್ನು ಕೂರಿಸಿತು; ಅದಕ್ಕೆ ಕತ್ತಲೆ, ಹಿಂಸೆ, ಛಿದ್ರತೆಗಳೇ ಅಸಲಿತನದ ಗುರುತಾದವು. ಸಮಾಧಾನವನ್ನು ಒಲ್ಲದ ಈ ಅಸಲಿತನಕ್ಕೂ ವಿಧಿನಿಷೇಧಗಳಿವೆ, ಸಂತರಿದ್ದಾರೆ, ಧರ್ಮಭ್ರಷ್ಟರೂ ಇದ್ದಾರೆ. ಅದನ್ನೊಂದು ಮತವೆಂದೇ ಕರೆಯಬೇಕು. ಎನಿಕ್ ಆ ಮತದ ಕಣ್ಣಿನಲ್ಲಿ ಮತಾಂತರಿ.

ಚರ್ಚಿನ ಕಡೆಯ ಕೆಲವರು ಮಾಡಿದ ತಪ್ಪು ಇದರ ಕನ್ನಡಿಬಿಂಬ. ಅವರ ಲೆಕ್ಕದಲ್ಲಿ ‘ಡೈರಿ’ ರೋಗದ ದಾಖಲೆ. ಗುಣವಾದ ಮೇಲೆ ಅದನ್ನು ಎಸೆಯಬಹುದು. ಅಮೆರಿಕದ ಕ್ರೈಸ್ತ ಪಾಪ್ ಸಂಗೀತದ ಪೇಟೆ ಆಗ ಬಯಸುತ್ತಿದ್ದದ್ದೂ ಗೆಲುವಿನ, ಕೃತಜ್ಞತೆಯ ಹಾಡುಗಳನ್ನೇ. ಬೈಬಲ್ ಈ ವಿಷಯದಲ್ಲಿ ಅದರ ಓದುಗರಿಗಿಂತ ಧೈರ್ಯಶಾಲಿ. ಕೀರ್ತನೆಗಳ ಗ್ರಂಥದಲ್ಲಿ ದೊಡ್ಡ ಪಾಲು ಅಳಲಿನ ಹಾಡುಗಳದು. ಅವುಗಳಲ್ಲಿ ಹೆಚ್ಚಿನವು ದೂರಿನಿಂದ ಶುರುವಾಗಿ ಭರವಸೆಗೆ ತಿರುಗುತ್ತವೆ, ಆದರೆ ಎಂಬತ್ತೆಂಟನೆಯದು ತಿರುಗುವುದೇ ಇಲ್ಲ; ಗೆಳೆಯರು ದೂರವಾಗಿ ಕತ್ತಲೆ ಒಂದೇ ಉಳಿದಲ್ಲಿಗೆ ಅದು ನಿಂತುಬಿಡುತ್ತದೆ. ಅದನ್ನು ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಯೋಬನ ಕಥೆಯ ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನ ಮೇಲೆ ದೂರಿನ ಮಳೆ ಸುರಿಸಿದ ಯೋಬನ ಮೇಲಲ್ಲ, ತನ್ನ ಪರವಾಗಿ ಸಮಾಧಾನದ ಶಾಸ್ತ್ರ ಹೇಳಿದ ಅವನ ಗೆಳೆಯರ ಮೇಲೆ. ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ ಎಂಬುದು ದೇವರ ತೀರ್ಪು. ಯೋಬನ ಮಾತಿನಲ್ಲಿ ಸರಿಯಾದದ್ದು ಏನೆಂದು ವ್ಯಾಖ್ಯಾನಕಾರರು ಬಹಳ ಚರ್ಚಿಸಿದ್ದಾರೆ. ಒಂದು ವ್ಯತ್ಯಾಸವಂತೂ ಎದ್ದು ಕಾಣುತ್ತದೆ: ಗೆಳೆಯರು ದೇವರ ಬಗ್ಗೆ ಮಾತಾಡಿದರು, ಯೋಬ ದೇವರೊಡನೆ ಮಾತಾಡಿದ.

ಈ ವ್ಯತ್ಯಾಸದಿಂದ ‘ಡೈರಿ’ಯ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಶ್ರದ್ಧೆ ಬಂದಾ‌ಗ ಬದಲಾಗಬೇಕಾದ್ದು ದುಃಖದ ಪ್ರಮಾಣವಲ್ಲ, ಅದು ಮುಖ ಮಾಡಿದ ದಿಕ್ಕು. ಅಗಸ್ಟೀನನ ಬದುಕೇ ಇದಕ್ಕೆ ನಿದರ್ಶನ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವನ ಮನಸ್ಸು ತಿರುಗಿತು. ಬೆನ್ನಿಗೇ ಅವನು ಅಲಂಕಾರಶಾಸ್ತ್ರದ ಅಧ್ಯಾಪಕ ಹುದ್ದೆ ಬಿಟ್ಟ. ಮಾತು ಮಾರುವ ಕಸುಬು ಇನ್ನು ಬೇಡವೆನಿಸಿತು. ಅವನ ಹಳೆಯ ಶಿಷ್ಯರು ಆಗ ಏನೆಂದುಕೊಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಅವನ ಅತ್ಯುತ್ತಮ ಮಾತು ಬಂದದ್ದು ಅದಾಗಿ ಹತ್ತು ವರ್ಷಗಳ ಮೇಲೆ, ಆಗಲೂ ಅದು ನೆಮ್ಮದಿಯ ಮಾತಾಗಿರಲಿಲ್ಲ. ಹತ್ತನೆಯ ಸಂಪುಟದ ಬಿಷಪ್ ತನಗೆ ತಾನೇ ಒಗಟಾಗಿ ಉಳಿದಿದ್ದಾನೆ, ಕನಸುಗಳಿಗೆ ಹೆದರುತ್ತಾನೆ, ಹಾಡು ಕೇಳಿ ತಪ್ಪಿತಸ್ಥನಾಗುತ್ತಾನೆ.

ಎಮೋ ಸಂಗೀತದ ಮುಂದಿನ ಚರಿತ್ರೆಯೂ ಶ್ರದ್ಧೆ ಮತ್ತು ಅಳಲುಗಳನ್ನು ಎದುರುಬದುರು ನಿಲ್ಲಿಸುವ ಲೆಕ್ಕಾಚಾರವನ್ನು ಒಪ್ಪುವುದಿಲ್ಲ. ಟೆಕ್ಸಸ್‌ನ ಮಿನರಲ್ ಬ್ಯಾಂಡಿನ ಮೊದಲ ಆಲ್ಬಮ್ ‘ದಿ ಪವರ್ ಆಫ್ ಫೇಲಿಂಗ್’ 1997ರಲ್ಲಿ ಬಂತು. ‘ಡೈರಿ’ಯ ನಾದದ ನೆರಳಿನಲ್ಲೇ ಬೆಳೆದ ಅದರ ಹಾಡುಗಳಲ್ಲಿ ಕ್ರೈಸ್ತ ಪ್ರಾರ್ಥನೆಯ ಭಾಷೆ ನೇರವಾಗಿಯೇ ಕೇಳಿಸುತ್ತದೆ, ಒಂದಕ್ಕೆ ‘ಗ್ಲೋರಿಯಾ’ ಎಂದೇ ಹೆಸರು. ಸಿಯಾಟಲ್ ಕಡೆಯ ಡೇವಿಡ್ ಬಜಾನ್‌ನದು ತದ್ವಿರುದ್ಧ ಪಯಣ. ಪೆಡ್ರೊ ದಿ ಲಯನ್ ಹೆಸರಿನಲ್ಲಿ ಕ್ರೈಸ್ತ ಸಂಕಟಗಳನ್ನು ಹಾಡಿ ಹೆಸರಾದ ಅವನು ಕ್ರಮೇಣ ಶ್ರದ್ಧೆ ಕಳೆದುಕೊಂಡು, 2009ರ ‘ಕರ್ಸ್ ಯುವರ್ ಬ್ರಾಂಚಸ್’ನಲ್ಲಿ ಆ ಕಳೆದುಕೊಳ್ಳುವಿಕೆಯನ್ನೇ ಹಾಡಿದ. ಅಲ್ಲಿಯೂ ಜಗಳ ದೇವರೊಡನೆಯೇ. ಇಲ್ಲದ ದೇವರ ಮೇಲೆ ಇಷ್ಟು ಸಿಟ್ಟೇಕೆ ಎಂದು ಕೇಳುವಷ್ಟರ ಮಟ್ಟಿಗೆ.

ಸನ್ನಿ ಡೇ ರಿಯಲ್ ಎಸ್ಟೇಟ್‌ನ ಎರಡನೆಯ ಆಲ್ಬಮ್ ಬ್ಯಾಂಡ್ ಮುರಿದ ಮೇಲೆ, 1995ರ ನವೆಂಬರಿನಲ್ಲಿ ಹೊರಬಂತು. ಅದಕ್ಕೆ ಹೆಸರೇ ಇರಲಿಲ್ಲ. ಮುಖಪುಟ ಬರೀ ಗುಲಾಬಿ ಬಣ್ಣ. ಕೆಲವು ಹಾಡುಗಳಿಗೆ ಸಾಹಿತ್ಯವೂ ಪೂರ್ತಿಯಾಗಿರಲಿಲ್ಲ. ಎನಿಕ್ ಅಲ್ಲಲ್ಲಿ ಅರ್ಥವಿಲ್ಲದ ಶಬ್ದಗಳನ್ನೇ ಹಾಡಿಬಿಟ್ಟಿದ್ದ. ಅವಸರದ ಕೆಲಸ ಎಂದು ಅದನ್ನು ತಳ್ಳಿಹಾಕಿದವರಿದ್ದಾರೆ. ಅವಸರದ್ದೇ ನಿಜ. ಆದರೂ ಹೊಲದ ಕೂಗಿನ ಬಗ್ಗೆ ಅಗಸ್ಟೀನ್ ಆಡಿದ ಮಾತು ತಿಳಿದವರಿಗೆ ಆ ಶಬ್ದಗಳು ಬೇರೆಯಾಗಿ ಕೇಳಿಸಿದರೆ ತಪ್ಪಿಲ್ಲ. ಮೆಂಡೆಲ್ ಮತ್ತು ಗೋಲ್ಡ್‌ಸ್ಮಿತ್ ನಿರ್ವಾಣದ ಡ್ರಮ್ಮರ್ ಆಗಿದ್ದ ಡೇವ್ ಗ್ರೋಲ್‌ನ ಫೂ ಫೈಟರ್ಸ್ ಸೇರಿದರು. ಎನಿಕ್ 1996ರಲ್ಲಿ ವಾದ್ಯವೃಂದವನ್ನು ಕಟ್ಟಿಕೊಂಡು ‘ರಿಟರ್ನ್ ಆಫ್ ದ ಫ್ರಾಗ್ ಕ್ವೀನ್’ ಎಂಬ ಸ್ವಂತ ಆಲ್ಬಮ್ ಮಾಡಿದ. ಅದರಲ್ಲಿ ಪ್ರವಚನವಿಲ್ಲ. ಮರುವರ್ಷ ಬ್ಯಾಂಡ್ ಮತ್ತೆ ಕೂಡಿ, 1998ರಲ್ಲಿ ‘ಹೌ ಇಟ್ ಫೀಲ್ಸ್ ಟು ಬಿ ಸಮ್‌ಥಿಂಗ್ ಆನ್’, 2000ದಲ್ಲಿ ‘ದಿ ರೈಸಿಂಗ್ ಟೈಡ್’ ಹೊರತಂದು, ಪುನಃ ಬೇರೆಯಾಯಿತು. ಹೊರಳಿದವನು ಹಾಡಿಗೆ ಬೆನ್ನುಹಾಕಿದ ಎಂಬ ಕಥೆ ನಾಲ್ಕು ವರ್ಷವೂ ಬಾಳಲಿಲ್ಲ.

2022ರಲ್ಲಿ ಮೆಂಡೆಲ್ ಇಲ್ಲದೆ ಬ್ಯಾಂಡ್ ಮತ್ತೊಮ್ಮೆ ಒಟ್ಟಾಯಿತು. ‘ಡೈರಿ’ಗೆ ಮೂವತ್ತು ತುಂಬಿದ 2024ರಲ್ಲಿ ಆ ಹನ್ನೊಂದು ಹಾಡುಗಳನ್ನೂ ಸಿಯಾಟಲ್ ಬಳಿಯ ಲಂಡನ್ ಬ್ರಿಜ್ ಸ್ಟುಡಿಯೋದಲ್ಲಿ ಹೊಸದಾಗಿ ನುಡಿಸಿ ಧ್ವನಿಮುದ್ರಿಸಿಕೊಂಡು ಪ್ರಕಟಿಸಿತು. ಹಾಡಿದವನು ಅದೇ ಎನಿಕ್.